ಬೋರಲಿಟ್ಟ ಚೀಟಿ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಚೀಟಿಗಳ ಮೇಲೆ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಅವರ ಚೀಟಿಯ ಮೂಲೆಯಲ್ಲಿ ‘ಒಂದು’ ಎಂದಿರುತ್ತಿತ್ತು, ನನ್ನದರಲ್ಲಿ ‘ಎರಡು’. ಹೋದ ತಿಂಗಳು ಚಿಂತಾಮಣಿಯಲ್ಲಿ ಅವರನ್ನು ಮಣ್ಣು ಮಾಡಿದರು. ಬಂದವರಲ್ಲಿ ನಾನೂ ಇದ್ದೆ.

ಶಿಡ್ಲಘಟ್ಟದ ಹೊರವಲಯದಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಒಂದು ಖಾಸಗಿ ಕೇಂದ್ರ ನಮ್ಮದು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಅಲ್ಲಿ ಸೇರಿದೆ. ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವರು ಚಿಂತಾಮಣಿಯ ಕಡೆಯಿಂದ ಬರುತ್ತಿದ್ದರು. ಆಗಲೇ ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಮನೆಮಾತು ತೆಲುಗು, ಹುಟ್ಟಿದ್ದು ಕೈವಾರದ ಹತ್ತಿರದ ಒಂದು ಹಳ್ಳಿಯಲ್ಲಿ. ಯಾತ್ರೆಗೆ ನಡೆದು ಹೋಗುವವರಿಗೆ ತಮ್ಮ ಅಮ್ಮ ಬಾಗಿಲಲ್ಲಿ ನೀರಿನ ಕೊಡ ಇಡುತ್ತಿದ್ದರೆಂದು ಒಮ್ಮೆ ಹೇಳಿದ್ದರು. ನೀರು ಕುಡಿದವರಲ್ಲಿ ಕೆಲವರು ಇವರದು ಕ್ರೈಸ್ತರ ಮನೆ ಎಂದು ತಿಳಿದು ಲೋಟ ಕೆಳಗಿಟ್ಟು ಹೋಗುತ್ತಿದ್ದರಂತೆ. “ಮರುದಿನಾನೂ ಅಮ್ಮ ಕೊಡ ಇಡೋರು” ಎಂದಷ್ಟೇ ಹೇಳಿ ಆ ಮಾತನ್ನು ನಿಲ್ಲಿಸಿದ್ದರು.

ನಮ್ಮ ಕೆಲಸ ರೋಗ ಪತ್ತೆ ಮಾಡುವುದು. ಮೊಟ್ಟೆ ಇಟ್ಟ ಹೆಣ್ಣು ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಸ್ಲೈಡಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಂಟು ರೋಗವಿದ್ದರೆ ಹೊಳೆಯುವ ಸಣ್ಣ ಕಾಳುಗಳಂಥವು ಕಾಣುತ್ತವೆ. ತಾಯಿಗೆ ಈ ರೋಗವಿದ್ದರೆ ಮೊಟ್ಟೆಗೂ ಇರುತ್ತದೆ, ಹುಳುವಿಗೂ ಬರುತ್ತದೆ. ಒಂದು ಕಾಳು ಕಂಡರೂ ಆ ಲಾಟಿನ, ಎಂದರೆ ಒಂದೇ ಮನೆಯ ಗೂಡಿನಿಂದ ಬಂದ, ಮೊಟ್ಟೆಯನ್ನೆಲ್ಲ ಸುಡಬೇಕು. ಸುಡದೆ ಮಾರಿದರೆ, ಕೊಂಡ ರೈತನ ಹುಳುಮನೆಯಲ್ಲಿ ಬೆಳೆಯೇ ಇರುವುದಿಲ್ಲ.

ಒಂದೇ ಸ್ಲೈಡನ್ನು ಇಬ್ಬರು ನೋಡಬೇಕು, ಒಬ್ಬರಿಗೊಬ್ಬರು ಮಾತಾಡದೆ ಚೀಟಿಯಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಬರೆದು ಮೇಜಿನ ಮೇಲೆ ಬೋರಲು ಇಡಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಬೇಕು. ಈ ನಿಯಮ ಮಾಡಿದ್ದು ಅವರೇ. “ಮಾತಾಡ್ಕೊಂಡು ನೋಡಿದ್ರೆ ಒಬ್ರ ಕಣ್ಣು ಇನ್ನೊಬ್ರ ಕಣ್ಣಿಗೆ ಅಂಟ್ಕೊಳತ್ತೆ ಕಣಮ್ಮ” ಎನ್ನುತ್ತಿದ್ದರು. ಸೇರಿದ ಮೊದಲ ವಾರ, ಬರೆಯುವ ಮುಂಚೆ ನಾನು ಅವರ ಮುಖ ನೋಡುತ್ತಿದ್ದೆ. ಅವರು ಗದರಲಿಲ್ಲ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಅಲ್ಲಿಂದ ಮುಂದೆ ನಾನು ಬರೆಯುವಾಗಲೆಲ್ಲ ಹಾಗೆಯೇ ನಿಲ್ಲುತ್ತಿದ್ದರು. ಸಣ್ಣ ಕೂದಲುಗಂಟು, ಸೊಂಟಕ್ಕೆ ಸಿಕ್ಕಿಸಿಕೊಂಡ ಲೆನ್ಸ್ ಒರೆಸುವ ಮಲ್ಲು ಬಟ್ಟೆಯ ಚೂರು: ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ನನಗೆ ಆ ಬೆನ್ನು ಕಾಣುತ್ತದೆ.

ಮಧ್ಯಾಹ್ನದ ಊಟ ಜಗಲಿಯಲ್ಲಿ. ಅಲ್ಲಿ ನಮ್ಮ ಜೊತೆ ಸೂಪರ್‌ವೈಸರ್ ಬೈರೇಗೌಡರು ಕೂರುತ್ತಿದ್ದರು. ಕಳವಾರ ಹಳ್ಳಿಯವರು, ಜಮೀನು ಇದ್ದವರು. ಮನೆಯಲ್ಲಿ ಹುಳು ಸಾಕಿ, ಮೊಟ್ಟೆಗೆಂದು ಇಡುವ ಬೀಜದ ಗೂಡನ್ನು ನಮ್ಮ ಕೇಂದ್ರಕ್ಕೇ ಕೊಡುತ್ತಿದ್ದರು. ಗೌಡರಿಗೆ ಇವರನ್ನು ರೇಗಿಸದೆ ಊಟ ಸೇರುತ್ತಿರಲಿಲ್ಲ.

“ಏನ್ ಸಿಸ್ಟರ್, ಅಷ್ಟೊತ್ತು ಕಣ್ ಮುಚ್ಕೊಂಡ್ ಕೂತ್ರೆ ಸಾರು ತಣ್ಣಗಾಗಲ್ವಾ?”

“ಅದಕ್ಕೇ ಚಿಕ್ಕದಾಗಿ ಮುಗಿಸ್ತೀನಿ ಗೌಡ್ರೆ. ನಮ್ಮಮ್ಮ ಪ್ರಾರ್ಥನೆ ಮಾಡಿದ್ರೆ ನೀವು ಉಂಡು ಕೈ ತೊಳ್ಕೊಂಡು ಬರ್ಬೋದಿತ್ತು.”

ಒಂದು ದಿನ ಗೌಡರು ಕೇಳಿದರು: “ನಿಮ್ ದೇವ್ರು ಅಷ್ಟ್ ಒಳ್ಳೇನಾದ್ರೆ ಈ ಗಂಟು ರೋಗ ಯಾಕ್ ಹುಟ್ಸಿದ?”

ಇವರು ಹುರಿದ ಕಡಲೆಬೀಜ ತಂದಿದ್ದರು. ಯೋಚಿಸುವಾಗ ಒಂದೊಂದೇ ಬೀಜದ ಕೆಂಪು ಸಿಪ್ಪೆ ತೆಗೆದು ಗುಡ್ಡೆ ಹಾಕುವುದು ಅವರ ಅಭ್ಯಾಸ. ಗುಡ್ಡೆ ಸ್ವಲ್ಪ ಬೆಳೆದ ಮೇಲೆ ಹೇಳಿದರು:

“ತಡೀರಿ, ನಿಮ್ ಮಾತು ಮೊದ್ಲು ನಾನ್ ಹೇಳ್ತೀನಿ, ಸರಿಯಿದ್ಯಾ ನೋಡಿ. ದೇವ್ರು ಒಳ್ಳೇನು, ಅವನ ಕೈಲಿ ಎಲ್ಲಾ ಆಗತ್ತೆ ಅಂದ್ರೆ ರೋಗ ಇರಬಾರ್ದು. ರೋಗ ಇದೆ. ಹಂಗಂದ್ರೆ ಅವನು ಒಳ್ಳೇನಲ್ಲ, ಇಲ್ಲಾ ಅವನ ಕೈಲಿ ಆಗಲ್ಲ. ಹುಳು ಬಿಡಿ, ಹಸುಗೂಸಿಗೆ ಬರೋ ರೋಗ ತಗೊಂಡ್ರೆ ನಿಮ್ ಪ್ರಶ್ನೆ ಇನ್ನೂ ಗಟ್ಟಿಯಾಗತ್ತೆ. ಅದೇ ಕದಾ?”

“ಹ್ಞೂಂ, ಅದೇ. ನಾನ್ ಅಷ್ಟ್ ಹೇಳಿರ್ಲಿಲ್ಲ.”

“ಹೇಳ್ಬೇಕಾಗಿತ್ತು. ಪೂರ್ತಿ ಉತ್ತರ ನನ್ಹತ್ರ ಇಲ್ಲ ಗೌಡ್ರೆ. ಇರೋ ಅರ್ಧ ನಾಳಿದ್ದು ಹೇಳ್ತೀನಿ.”

ಎರಡು ದಿನ ಬಿಟ್ಟು ನಿಜವಾಗಿಯೂ ಹೇಳಿದರು. “ರೋಗ ನೋಡಿದ್ರೆ ಇದು ಸರಿಯಲ್ಲ ಅಂತ ನಿಮಗೂ ಅನ್ಸತ್ತೆ, ನನಗೂ ಅನ್ಸತ್ತೆ. ಲೋಕ ಸುಮ್ನೆ ತಾನಾಗೇ ಆಗಿದ್ರೆ ಈ ಸರಿಯಲ್ಲ ಅನ್ನೋದು ಎಲ್ಲಿಂದ ಬಂತು, ಅದೊಂದು. ಇನ್ನೊಂದು, ನಾನು ನಂಬಿರೋ ದೇವ್ರು ನೋವನ್ನ ಆಚೆ ನಿಂತು ನೋಡ್ದೋನಲ್ಲ. ಒಳಗೆ ಬಂದು ಮೊಳೆ ಹೊಡೆಸ್ಕೊಂಡೋನು. ಯಾಕ್ ಬಿಟ್ಟಿದಾನೆ ಅಂದ್ರೆ ನನಗ್ ಗೊತ್ತಿಲ್ಲ. ದೂರ ನಿಂತಿಲ್ಲ ಅನ್ನೋದು ಮಾತ್ರ ಗೊತ್ತು.”

ಗೌಡರು ಅವರ ಗುಡ್ಡೆಯಿಂದ ಒಂದು ಹಿಡಿ ಬೀಜ ತೆಗೆದುಕೊಂಡರು. “ಅರ್ಧ ಉತ್ತರಕ್ಕೆ ಅರ್ಧ ಗುಡ್ಡೆ ನಂದು” ಎಂದರು. ಆಗೆಲ್ಲ ಮಾತು ಹೀಗೇ ಮುಗಿಯುತ್ತಿತ್ತು.

ನಾನು ಜಗಲಿಯಲ್ಲಿ ಬಾಯಿ ತೆಗೆಯುತ್ತಿರಲಿಲ್ಲ. ಕೇಳಬೇಕಾದದ್ದನ್ನು ಕೋಣೆಯೊಳಗೆ, ಇಬ್ಬರೇ ಇದ್ದಾಗ ಕೇಳುತ್ತಿದ್ದೆ. ನಮ್ಮದು ಬೌದ್ಧರ ಮನೆ. ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪಿಕೊಳ್ಳಬೇಡ ಎಂದು ಅಪ್ಪ ಕಲಿಸಿದ್ದರು. ಸತ್ತವನು ಮೂರನೆಯ ದಿನ ಎದ್ದು ಬಂದ ಎಂಬುದನ್ನು ಸ್ಲೈಡ್ ನೋಡುವ ಹೆಂಗಸು ಹೇಗೆ ನಂಬುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಅದನ್ನು ನಾನು ವಿನಯದಿಂದ ಕೇಳಲಿಲ್ಲ.

“ನೋಡಿದೋರ ಮಾತು ಬಿಟ್ರೆ ಬೇರೆ ದಾರಿ ಇಲ್ಲ” ಎಂದರು. “ನೋಡಿದೋರು ಎಂಥೋರು ಅಂತ ತೂಗ್ಬೇಕು. ಯೇಸು ಸಿಕ್ಕಿಬಿದ್ದ ದಿನ ಅವರ ಶಿಷ್ಯರೆಲ್ಲ ಓಡೋದ್ರು. ಅವರಲ್ಲಿ ಹಿರಿಯ, ಬೆಂಕಿ ಕಾಯಿಸ್ಕೊಳ್ತಾ ಕೂತಿದ್ದಾಗ, ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ ಆತ ಯಾರೋ ನನಗ್ ಗೊತ್ತೇ ಇಲ್ಲ ಅಂದ್ಬಿಟ್ಟ. ಇದನ್ನ ಬರೆದಿಟ್ಟೋರು ಯಾರು? ಅವನ ಕಡೆಯೋರೇ. ಕಥೆ ಕಟ್ಟೋನು ತನ್ನ ನಾಯಕನ್ನ ಹೇಡಿ ಅಂತ ಬರ್ಕೊಳ್ಳಲ್ಲ.”

“ಜಾಣನಾದ್ರೆ ಬರ್ಕೊಳ್ತಾನೆ ಮೇಡಂ. ನಂಬಲಿ ಅಂತಾನೇ.”

ಅವರು ತಲೆಯಾಡಿಸಿದರು. “ಹೌದು, ಆಗ್ಬೋದು. ಅದಕ್ಕೇ ಇದು ಪುರಾವೆ ಅಂತ ನಾನ್ ಅನ್ನಲ್ಲ, ತೂಕ ಅಂತೀನಿ. ಇಂಥ ತೂಕದ ಕಲ್ಲು ಇನ್ನೂ ಇದಾವೆ, ಒಂದೊಂದಾಗಿ ಇಡೋಣ. ನೀನು ಆ ಕಡೆ ತಟ್ಟೆಗೆ ನಿನ್ನ ಕಲ್ಲು ಇಡು.”

ಮುಂದಿನ ಒಂದೂವರೆ ವರ್ಷ ನಾವು ಹಾಗೆಯೇ ಮಾಡಿದೆವು. ನನ್ನ ವಾದ ಸೋತ ದಿನ ಅವರು ಗೆದ್ದವರಂತೆ ಇರುತ್ತಿರಲಿಲ್ಲ, ಅವರ ವಾದ ಸೋತ ದಿನ ಮುಖ ಗಂಟಿಕ್ಕುತ್ತಿರಲಿಲ್ಲ. ‘ಇದಕ್ಕೆ ನನ್ಹತ್ರ ಕಲ್ಲಿಲ್ಲ’ ಎಂದು ಅವರೇ ಹೇಳಿದ ದಿನಗಳು ಎಷ್ಟೋ ಇವೆ. ನನ್ನನ್ನು ಚರ್ಚಿಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ.

ಆಮೇಲೆ ಬಂದದ್ದು ಬೈರೇಗೌಡರ ಲಾಟು.

ಸ್ಲೈಡಿನ ಮೇಲೆ ಬರೆದ ಸಂಖ್ಯೆ ನೋಡಿ ಅದು ಅವರ ಮನೆಯ ಗೂಡಿನದೆಂದು ನನಗೆ ಗೊತ್ತಾಗಿತ್ತು. ಒಂದು ಮೂಲೆಯಲ್ಲಿ ಎರಡು ಕಾಳು ಹೊಳೆದವು. ಕೊಬ್ಬಿನ ಹನಿಯಿರಬೇಕು ಎಂದುಕೊಂಡೆ. ಗೌಡರು ಬಾಗಿಲ ಆಚೆಯೇ ನಿಂತಿದ್ದರು. ‘ಇಲ್ಲ’ ಎಂದು ಬರೆದೆ. ಚೀಟಿ ತಿರುಗಿಸಿದಾಗ ಇವರದರಲ್ಲಿ ‘ಇದೆ’ ಎಂದಿತ್ತು. ಅದೇ ಲಾಟಿನ ಇನ್ನೂ ಎರಡು ಸ್ಲೈಡ್ ಮಾಡಿದೆವು. ಎರಡರಲ್ಲೂ ಇತ್ತು.

“ಲಾಟು ಯಾರದು ಅಂತ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು.”

ಮರುದಿನದಿಂದ ಅವರು ಸ್ಲೈಡಿನ ಸಂಖ್ಯೆಯ ಮೇಲೆ ಕಾಗದದ ಚೂರು ಅಂಟಿಸಿ ನನ್ನ ಮುಂದೆ ಇಡತೊಡಗಿದರು.

ಗೌಡರು ಬೇಡಿದರು. ಒಬ್ಬರ ಚೀಟಿ ‘ಇಲ್ಲ’ ಎಂದಿದೆಯಲ್ಲ, ಅದನ್ನೇ ಇಟ್ಟುಕೊಳ್ಳಿ ಎಂದರು. ಮನೆಯ ಮರ್ಯಾದೆ ಎಂದರು. ಇವರು, “ಗೌಡ್ರೆ, ನಿಮ್ ಸಂಕಟ ನನಗ್ ಗೊತ್ತು. ಇದನ್ನ ಕೊಂಡ್ಕೊಳ್ಳೋ ರೈತಂಗೆ ಗೊತ್ತಿಲ್ಲ” ಎಂದು ತಾವೇ ಮೊಟ್ಟೆಯ ಹಾಳೆಗಳನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಬೆಂಕಿ ಹಚ್ಚಿದರು. ಗೌಡರು ಬೆಂಕಿ ಆರುವವರೆಗೂ ನಿಂತು ನೋಡಿದರು. ಅಂದಿನಿಂದ ಜಗಲಿಗೆ ಊಟಕ್ಕೆ ಬರುವುದನ್ನು ಬಿಟ್ಟರು.

ಎರಡು ವಾರದ ಮೇಲೆ ಮಾಲೀಕರಿಗೆ ಒಂದು ದೂರು ಹೋಯಿತು. ಕೇಂದ್ರದಲ್ಲಿ ಮತಾಂತರ ನಡೆಯುತ್ತಿದೆ, ಕೂಲಿ ಹೆಂಗಸರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಸುತ್ತಿದ್ದಾರೆ, ಕ್ರಮ ಕೈಗೊಳ್ಳದಿದ್ದರೆ ಪೊಲೀಸರಿಗೆ ಕೊಡುತ್ತೇವೆ ಎಂದು ಬರೆದಿತ್ತು. ಗೌಡರ ಸಹಿಯಿತ್ತು. ಆರೋಪ ನಿಂತರೆ ಇವರ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಹೋಗಲಿ, ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಏನು ಗತಿ ಎಂದು ಹೆಂಗಸರು ಪಿಸುಗುಟ್ಟಿದರು.

ಮಾಲೀಕರು ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆಯೇ ಬಂದರು. ಆಫೀಸಿನ ಕೋಣೆಯಲ್ಲಿ ಅವರು, ಗೌಡರು, ಇವರು, ಚಿಟ್ಟೆ ಬಿಡಿಸುವ ಕೆಲಸದ ನಾಗವೇಣಿ ಮತ್ತು ನಾನು. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಗೇಟಿನಾಚೆ ಗೌಡರ ಊರಿನ ನಾಲ್ಕೈದು ಜನ ಬೈಕು ನಿಲ್ಲಿಸಿಕೊಂಡಿದ್ದರು. ಅವರು ಏನೂ ಮಾಡಲಿಲ್ಲ, ಸುಮ್ಮನೆ ನಿಂತಿದ್ದರು.

ಮಾಲೀಕರು ಮೊದಲು ನಾಗವೇಣಿಯನ್ನು ಕೇಳಿದರು.

“ಹೌದು ಸಾರ್, ಪ್ರಾರ್ಥನೆ ಮಾಡಿದ್ರು” ಎಂದಳು ಅವಳು. “ಮಗೂನ ಆಸ್ಪತ್ರೆಗ್ ಸೇರ್ಸಿದ್ದೆ. ಅಳ್ತಾ ಇದ್ದೆ. ಅಕ್ಕ ತಲೆ ಮೇಲೆ ಕೈ ಇಟ್ರು. ನಾನ್ ಬೇಡ ಅನ್ನಲಿಲ್ಲ.”

“ಬೇಡ ಅನ್ನೋಕೆ ಆಗ್ತಿತ್ತೇನ್ ಸಾರ್?” ಎಂದರು ಗೌಡರು. “ಹಾಜರಿ ಬುಕ್ಕು ಯಾರ ಕೈಲಿದೆ, ಕೇಳಿ.”

ಇವರು ಎದ್ದು ನಿಂತರು. ನಾನು ವಾದ ಶುರುವಾಗುತ್ತದೆ ಎಂದುಕೊಂಡೆ.

“ಗೌಡ್ರ ಮಾತು ನಾನ್ ಇನ್ನೊಂದ್ಸಲ ಹೇಳ್ತೀನಿ ಸಾರ್, ಅವ್ರು ಪೂರ್ತಿ ಹೇಳ್ಲಿಲ್ಲ. ಈ ಹೆಣ್ಮಕ್ಕಳ ಹಾಜರಿ ನಾನ್ ಬರೀತೀನಿ. ರಜಾ ನಾನ್ ಕೊಡ್ತೀನಿ. ಅಂಥೋಳು ಪ್ರಾರ್ಥನೆ ಮಾಡ್ಲಾ ಅಂದ್ರೆ ಅವ್ರ ಬಾಯಲ್ಲಿ ಬರೋ ‘ಹೂಂ’ಗೆ ಬೆಲೆ ಇಲ್ಲ. ಅದು ಒಪ್ಪಿಗೇನೋ ಹೆದರಿಕೇನೋ ಅವ್ರಿಗೇ ಗೊತ್ತಾಗಲ್ಲ. ಇದೇ ಅಲ್ವಾ ಗೌಡ್ರೆ?”

“ಇದೇ” ಎಂದರು ಗೌಡರು.

“ಈ ಮಾತು ಸರಿ. ನನಗ್ ಹೊಳೆದಿರ್ಲಿಲ್ಲ. ತಪ್ಪು ನಂದು.” ನಾಗವೇಣಿಯ ಕಡೆ ತಿರುಗಿ, “ಕ್ಷಮಿಸಮ್ಮ” ಎಂದರು. ಹಾಜರಿ ಪುಸ್ತಕವನ್ನು ಚೀಲದಿಂದ ತೆಗೆದು ಮಾಲೀಕರ ಮೇಜಿನ ಮೇಲಿಟ್ಟರು. “ಇದು ಇನ್ನು ಬೇರೆಯೋರ ಹತ್ರ ಇರ್ಲಿ. ಆದ್ರೆ ಯಾರಿಗೂ ನಿಮ್ ಧರ್ಮ ಬಿಡಿ ಅಂದಿಲ್ಲ. ಆಸೆ ತೋರ್ಸಿ, ಹೆದರ್ಸಿ ನಂಬಿಸಿದ್ರೆ ಅದು ನಂಬಿಕೇನೇ ಅಲ್ಲ, ನಮ್ ಧರ್ಮಕ್ಕೇ ಅವಮಾನ. ಕೇಳಿದೋರಿಗೆ ಮಾತ್ರ ನಾನ್ ಯಾಕ್ ನಂಬ್ತೀನಿ ಅಂತ ಹೇಳಿದೀನಿ. ಮುಂದೆ ಯಾರಾದ್ರೂ ಕೇಳಿದ್ರೂ ಹೇಳ್ತೀನಿ.”

“ಯಾರ್ ಕೇಳಿದ್ರು?” ಎಂದರು ಮಾಲೀಕರು.

“ಅದನ್ನ ಕೇಳಿದೋರೇ ಹೇಳ್ಬೇಕು ಸಾರ್. ನಾನ್ ಹೆಸರು ಹೇಳಲ್ಲ.”

ಹಾಗೆಂದವರು ಗೋಡೆಯ ಕಡೆ ಮುಖ ಮಾಡಿ ನಿಂತರು.

ಮಾಲೀಕರು ನನ್ನನ್ನು ನೋಡಿದರು. “ಏನಮ್ಮಾ, ದಿನಾ ಜೊತೇಲಿರೋಳು ನೀನು. ನಿನ್ಹತ್ರ ಧರ್ಮದ ವಿಷ್ಯ ಮಾತಾಡಿದಾರಾ?”

ಕಿಟಕಿಯಾಚೆ ಒಬ್ಬ ಬೈಕಿನ ಸೀಟಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಸಂಜೆ ಅದೇ ದಾರಿಯಲ್ಲಿ ನಾನು ಬಸ್ಸಿಗೆ ನಡೆಯಬೇಕಿತ್ತು. “ನನಗ್ ಗೊತ್ತಿಲ್ಲ ಸಾರ್” ಎಂದೆ. “ನಾನ್ ನನ್ ಕೆಲಸ ಮಾತ್ರ ನೋಡ್ಕೊಳ್ಳೋದು.”

ನಾಗವೇಣಿ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ಇವರ ಬೆನ್ನು ಅಲುಗಲಿಲ್ಲ.

ಯೋಚಿಸಿ ಹೇಳುತ್ತೇನೆ ಎಂದು ಮಾಲೀಕರು ಹೊರಟರು. ಬೈಕುಗಳೂ ಹೋದವು. ನಾವಿಬ್ಬರು ಕೋಣೆಗೆ ಮರಳಿದೆವು. ಆ ದಿನ ನೋಡಲು ಸ್ಲೈಡ್ ಇರಲಿಲ್ಲ. ಅವರು ಎರಡು ಚೀಟಿ ತೆಗೆದು ಒಂದನ್ನು ನನ್ನ ಮುಂದಿಟ್ಟರು. “ಬೆಳಿಗ್ಗೆ ಅಲ್ಲಿ ನೀನು ಏನ್ ನೋಡ್ದೆ, ಬರಿ. ನಾನೂ ಬರೀತೀನಿ.” ಬರೆದು, ಬೋರಲಿಟ್ಟು, ಗೋಡೆಯ ಕಡೆ ತಿರುಗಿದರು. ನನ್ನ ಪೆನ್ನು ಓಡಲಿಲ್ಲ. ಬಹಳ ಹೊತ್ತು ಕಾದು ಅವರೇ ಬಂದು ಎರಡನ್ನೂ ತಿರುಗಿಸಿದರು. ನನ್ನದು ಖಾಲಿಯಿತ್ತು. ಅವರದರಲ್ಲಿ, ಮೂಲೆಯಲ್ಲಿ ‘ಒಂದು’ ಎಂದು ಹಾಕಿ, ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ಹೆದರಿಕೆ. ಸುಳ್ಳು. ನಾಳೆ ಎಂಟಕ್ಕೆ ಬಾ, ಕೆಲಸ ಇದೆ.’

ಅವರು ‘ಸುಳ್ಳು’ ಎಂಬ ಪದವನ್ನು ಬಿಟ್ಟು ಬರೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೊನೆಯ ವಾಕ್ಯವನ್ನು ಬಿಟ್ಟಿದ್ದರೆ ನಾನು ಮತ್ತೆ ಆ ಕೋಣೆಗೆ ಹೋಗುತ್ತಿರಲಿಲ್ಲ.

ಮರುದಿನ ಎಂಟಕ್ಕೆ ಹೋದೆ. ಕೈಯಲ್ಲಿ ಮಾಲೀಕರಿಗೆ ಬರೆದ ಪತ್ರವಿತ್ತು. ಅವರು ನನ್ನ ಜೊತೆ ಎಂದೂ ಧರ್ಮದ ವಿಷಯ ಎತ್ತಿಲ್ಲ, ಅಂಥ ಮಾತೇ ಆ ಕೋಣೆಯಲ್ಲಿ ನಡೆದಿಲ್ಲ, ಇದಕ್ಕೆ ನಾನು ಸಾಕ್ಷಿ ಎಂದು ಅಚ್ಚುಕಟ್ಟಾಗಿ ಬರೆದಿದ್ದೆ. ಅವರು ಓದಿ, ಪೆನ್ಸಿಲ್ ತೆಗೆದುಕೊಂಡು ಅಷ್ಟನ್ನೂ ಹೊಡೆದುಹಾಕಿದರು.

“ಇದೂ ಸುಳ್ಳೇ ಅಲ್ವಾಮ್ಮ. ಮಾತಾಡಿದೀವಿ.”

“ನಿಜ ಬರೆದ್ರೆ ಅದನ್ನೇ ಹಿಡ್ಕೊಂಡು ನಿಮ್ಮನ್ನ ಕಳಿಸ್ತಾರೆ ಮೇಡಂ.”

“ಕಳಿಸ್ಬೋದು.”

“ನಿಮ್ಮನ್ನ ಉಳ್ಸೋಕೆ ಬರೆದಿದ್ದು.”

“ಗೊತ್ತಮ್ಮ. ನೋಡಿದೋರ ಮಾತು ತೂಗ್ಬೇಕು ಅಂತ ನಿನ್ಹತ್ರ ಒಂದೂವರೆ ವರ್ಷ ಹೇಳಿದೀನಿ. ಈಗ ನಾನು ನನಗೋಸ್ಕರ ನಿನ್ನ ಕೈಲಿ ಸುಳ್ಳು ಸಾಕ್ಷಿ ಬರೆಸಿದ್ರೆ ಆ ಕಲ್ಲುಗಳನ್ನೆಲ್ಲಾ ನಾನೇ ಬೀದಿಗ್ ಎಸೆದ ಹಾಗೆ.”

ಹೊಸ ಪತ್ರದಲ್ಲಿ ನಾಲ್ಕೇ ವಾಕ್ಯ. ನಿನ್ನೆ ನಾನು ಹೇಳಿದ್ದು ಸುಳ್ಳು. ಹೆದರಿ ಹೇಳಿದೆ. ಪ್ರಶ್ನೆ ಕೇಳಿದ್ದು ನಾನು, ಅವರು ಉತ್ತರ ಕೊಟ್ಟರು. ನನ್ನನ್ನು ಯಾವುದಕ್ಕೂ ಒತ್ತಾಯಿಸಿಲ್ಲ. ಅವರು ಓದಿ ಏನನ್ನೂ ತಿದ್ದಲಿಲ್ಲ.

ಒಂದು ವಾರದಲ್ಲಿ ಆದೇಶ ಬಂತು. ಕೇಂದ್ರದೊಳಗೆ ಧಾರ್ಮಿಕ ಚರ್ಚೆ ನಡೆದಿರುವುದು ಸಹೋದ್ಯೋಗಿಯ ಪತ್ರದಿಂದ ದೃಢಪಟ್ಟಿರುವುದರಿಂದ ಅವರನ್ನು ಗೌರಿಬಿದನೂರಿನ ಮಾರಾಟ ಮಳಿಗೆಗೆ ಹಾಕಲಾಗಿದೆ ಎಂದಿತ್ತು. ಪೊಲೀಸರ ಮಾತು ಅಲ್ಲಿಗೆ ನಿಂತಿತು. ಮಳಿಗೆಯಲ್ಲಿ ಸೂಕ್ಷ್ಮದರ್ಶಕವಿಲ್ಲ. ಮೊಟ್ಟೆಯ ಹಾಳೆ ಎಣಿಸಿ ಕೊಡುವ ಕೆಲಸ. ಚಿಂತಾಮಣಿಯಿಂದ ದಿನಾ ಹೋಗಿಬರುವ ದೂರವೂ ಅಲ್ಲ.

“ಸುಳ್ಳನ್ನ ಹಂಗೇ ಇಟ್ಟಿದ್ರೆ ಉಳೀತಿದ್ರಿ” ಎಂದೆ. ಅಳಬಾರದೆಂದು ಗಟ್ಟಿಯಾಗಿ ಹೇಳಿದೆ.

“ಉಳೀತಿದ್ದೆ” ಎಂದರು. ಸೊಂಟದ ಬಟ್ಟೆಚೂರನ್ನು ತೆಗೆದು, ಲೆನ್ಸನ್ನು ಒಮ್ಮೆ ಒರೆಸಿ, ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟರು. “ಸಂಖ್ಯೆ ಮೇಲೆ ಕಾಗದ ಅಂಟಿಸೋದು ಮರೀಬೇಡ.”

ಗೌರಿಬಿದನೂರಿನಲ್ಲಿ ಅವರನ್ನು ನಾನು ಮೂರು ಸಲ ಕಂಡೆ. ಮೂರು ಸಲವೂ ಕಡಲೆಬೀಜ ಬಿಡಿಸುತ್ತ ನನ್ನ ಹೊಸ ಪ್ರಶ್ನೆಗಳನ್ನು ಕೇಳಿಸಿಕೊಂಡರು. ನಾನು ಇಂದಿಗೂ ಅವರ ಹಾಗೆ ನಂಬಿದವಳಲ್ಲ. ತಕ್ಕಡಿ ಇನ್ನೂ ಆಡುತ್ತಿದೆ. ಆದರೆ ನಾನು ಇಡುವ ಕಲ್ಲು ಪ್ರಾಮಾಣಿಕವಾಗಿರಬೇಕೆಂದು ಕಲಿತದ್ದು ಅವರಿಂದ.

ಅವರನ್ನು ಮಣ್ಣು ಮಾಡಿದ ದಿನ ಚಿಂತಾಮಣಿಯ ಸ್ಮಶಾನದ ಗೇಟಿನ ಹತ್ತಿರ ಬೈರೇಗೌಡರು ನಿಂತಿದ್ದರು. ಕೈಯಲ್ಲಿ ಸೇವಂತಿಗೆ ಹಾರ. ಒಳಗೆ ಹೋಗುವುದೋ ಬೇಡವೋ ಎಂಬಂತಿದ್ದರು. ನನ್ನನ್ನು ಕಂಡು ತಾವಾಗಿಯೇ ಮಾತು ತೆಗೆದರು.

“ನಮ್ ಹುಳುಮನೆ ತೊಳ್ದಿದ್ದು ಹೇಳಿದ್ರಾ ನಿನಗೆ?”

ಇಲ್ಲ ಎಂದೆ.

“ಗೌರಿಬಿದನೂರಿಗ್ ಹೋದ ಮೇಲೆ, ಒಂದ್ ಭಾನುವಾರ ಕಳವಾರಕ್ಕೆ ಬಂದ್ರು. ಬ್ಲೀಚಿಂಗ್ ಪೌಡರು, ಸ್ಪ್ರೇಯರು ಹೊತ್ಕೊಂಡು. ರೋಗ ಗೋಡೆಗೆಲ್ಲ ಕೂತಿರತ್ತೆ, ಸರಿಯಾಗ್ ತೊಳೀದಿದ್ರೆ ಮುಂದಿನ ಬೆಳೇನೂ ಹೋಗತ್ತೆ ಅಂದ್ರು. ನಮ್ಮೋಳು ಬಾಗ್ಲೇ ತೆಗೀಲಿಲ್ಲ. ಇವ್ರು ಜಗಲಿ ಮೇಲೆ ಕೂತ್ಬಿಟ್ರು. ಭಾನುವಾರ ಚರ್ಚ್ ಇಲ್ವಾ ಸಿಸ್ಟರ್ ಅಂದೆ. ಇದೆ, ಇವತ್ತು ಅಲ್ಲಿ ನಾನಿಲ್ಲ ಅಂದ್ರು.” ಗೌಡರು ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ಮೂರು ಭಾನುವಾರ ಬಂದ್ರಮ್ಮ. ತಟ್ಟೆ, ಹುಳು ಗೂಡು ಕಟ್ಟೋ ಚಂದ್ರಿಕೆ, ಗೋಡೆ, ಎಲ್ಲಾ ತೊಳೆದ್ರು. ದೂರಿನ ಮಾತೆತ್ಲಿಲ್ಲ. ದೇವ್ರ ಮಾತೂ ಎತ್ಲಿಲ್ಲ, ನಾನಾಗ್ ನಾನೇ ಕೇಳೋವರ್ಗೂ.”

ಏನು ಕೇಳಿದಿರಿ ಎಂದು ನಾನು ಕೇಳಲಿಲ್ಲ. ಇಬ್ಬರೂ ಒಳಗೆ ಹೋದೆವು. ಹಾರ ಹಾಕಿ, ಮಣ್ಣು ಹಾಕಿ ಹೊರಬರುವಾಗ ಮೇಡಂ ಅವರ ತಮ್ಮ ಗೇಟಿನ ಬಳಿ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಆ ಹೊತ್ತಿಗೆ ಗೌಡರ ಊರಿನ ಇಬ್ಬರು ಮಾರುಕಟ್ಟೆಯಿಂದ ಮರಳುವ ದಾರಿಯಲ್ಲಿ ಅವರನ್ನು ಕರೆದೊಯ್ಯಲು ಬಂದು, ಗೇಟಿನ ಪಕ್ಕದಲ್ಲೇ ಬೈಕು ನಿಲ್ಲಿಸಿ ನಿಂತಿದ್ದರು.

“ನೀವು ಯಾವ ಚರ್ಚಿನ ಸಭೆಯೋರಮ್ಮ?” ಎಂದು ತಮ್ಮ ನನ್ನನ್ನು ಕೇಳಿದರು. “ಅಕ್ಕನ ಪರಿಚಯ ಹೆಂಗೆ?”

“ಯಾವ ಸಭೆಯೋಳೂ ಅಲ್ಲ” ಎಂದೆ, ಬೈಕಿನವರಿಗೂ ಕೇಳುವ ಹಾಗೆ. “ನಾನು ಪ್ರಶ್ನೆ ಕೇಳ್ತಿದ್ದೆ. ಅವ್ರು ಉತ್ತರ ಹೇಳ್ತಿದ್ರು.”

ಅವರು ಗೌಡರ ಕಡೆ ನೋಡಿದರು. “ನೀವು?”

ಗೌಡರು ಬೈಕಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಸ್ಮಶಾನದ ಗೋಡೆಯ ಕಡೆ ತಿರುಗಿ, ಅವರಿಗೆ ಬೆನ್ನು ಮಾಡಿ ನಿಂತೆ.